ಬಸಣ್ಣನ ಎರಡನೇ ಗಂಟೆ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ನಿನ್ನೆ ಮುಂಜಾನೆ ಹುಟ್ಟಿದಳು, ತಾಯಿ ಕೂಸು ಇಬ್ಬರೂ ಆರಾಮ. ಉಳಿದದ್ದೆಲ್ಲ ಆಮೇಲೆ, ಈ ಮಾತು ಮೊದಲು ನಿಮ್ಮ ಕಿವಿಗೆ ಬೀಳಲಿ. ತಲೆತುಂಬ ಕೂದಲು, ಮುಷ್ಟಿ ಬಿಚ್ಚಲು ಒಲ್ಲಳು, ಅತ್ತರೆ ಲಂಡನ್ನಿನ ನಮ್ಮ ಹೌನ್ಸ್ಲೋದ ಮನೆಗಳ ಮೇಲೆ ಹಾರುವ ವಿಮಾನದ ಸದ್ದೂ ಕೇಳಿಸುವುದಿಲ್ಲ. ನನ್ನ ಸೊಸೆ ಸುಮಾ ಮೊದಲ ಮಗನಾದ ಮೇಲೆ ಎರಡು ಸಲ ಬಸಿರಾಗಿ ಬರಿಗೈಯಲ್ಲಿ ಮನೆಗೆ ಬಂದವಳು. ಎರಡನೇ ಸಲ ಆಕೆ ಹೆಣೆದಿಟ್ಟಿದ್ದ ಉಣ್ಣೆಯ ಕುಲಾವಿಯನ್ನು ಆಕೆಯ ಕಣ್ಣಿಗೆ ಬೀಳದ ಹಾಗೆ ನಾನೇ ಅಟ್ಟಕ್ಕೆ ಎತ್ತಿಟ್ಟಿದ್ದೆ. ನಿನ್ನೆ ಅದೇ ಕುಲಾವಿ ಕೂಸಿನ ತಲೆಯ ಮೇಲಿತ್ತು. ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು, ಬರೆದು ರೂಢಿಯಿಲ್ಲ. ಆದರೆ ಈ ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ, ಏನು ಮಾಡಲಿ?

ಆದರೆ ಆ ಸುದ್ದಿ ನನ್ನ ಬಾಗಿಲಿಗೆ ಬಂದ ಬಗೆ ಇದೆಯಲ್ಲ, ಅದು ಜೀವ ಹಿಂಡಿಬಿಟ್ಟಿತು. ಮಗ ಪ್ರಕಾಶ ಹಿಂದಿನ ದಿನವೇ ಸುಮಾಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಬೆಳಗಾದರೂ ಫೋನಿಲ್ಲ. ನಾನು ಮುಂದಿನ ಕೋಣೆಯ ಕಿಟಕಿಯಲ್ಲಿ ನಿಂತಿದ್ದೆ. ಕೈಯಲ್ಲಿ ಹಿತ್ತಾಳೆಯ ಹಳೆಯ ಸೈಕಲ್ ಗಂಟೆಯೊಂದಿತ್ತು. ಮನಸ್ಸು ಕೆಟ್ಟಾಗ ಅದನ್ನು ಟ್ರಂಕಿನಿಂದ ತೆಗೆದು ಹಿಡಿದುಕೊಂಡು ನಿಲ್ಲುವುದು ನನ್ನ ರೂಢಿ. ಅಂಗೈ ಬೆವೆತು ಹಿತ್ತಾಳೆಯ ವಾಸನೆ ಬೆರಳಿಗೆಲ್ಲ ಹತ್ತಿತ್ತು, ಒಂಥರಾ ಹುಳಿ ವಾಸನೆ, ರಕ್ತದ ವಾಸನೆಯಂಥದ್ದು. ಆಗಲೇ ಬೀದಿಯ ಕೊನೆಯಲ್ಲಿ ಬಸ್ಸು ಇಳಿದು ಪ್ರಕಾಶ ಬರುವುದು ಕಂಡಿತು. ತಲೆ ತಗ್ಗಿಸಿ, ಕೈ ಇಳಿಬಿಟ್ಟು, ಒಂದೊಂದೇ ಹೆಜ್ಜೆ ಇಡುತ್ತ ನಡೆದು ಬರುತ್ತಿದ್ದ. ನನ್ನ ಕಣ್ಣಿಗೆ ಆಗ ಲಂಡನ್ನಿನ ಬೀದಿ ಕಾಣಲಿಲ್ಲ. ಕಂಡದ್ದು ಹುಬ್ಬಳ್ಳಿಯ ಗಿರಣಿ ಚಾಳಿನ ಓಣಿ. ಆ ಓಣಿಯಲ್ಲಿ ಸೈಕಲ್ ತಳ್ಳಿಕೊಂಡು ನಡೆದು ಬರುತ್ತಿದ್ದ ನನ್ನ ಅಣ್ಣ ಬಸಣ್ಣ.

ಆ ಓಣಿ ಈಗಿಲ್ಲ, ಆ ಗಿರಣಿಯೂ ಇಲ್ಲ. ನಿಮ್ಮಲ್ಲಿ ಯಾರಾದರೂ ಅಂಥ ಚಾಳಿನಲ್ಲಿ ಹುಟ್ಟಿದವರಿದ್ದರೆ ನಾನು ಹೇಳಬೇಕಾದ್ದೇ ಇಲ್ಲ. ಒಂದೇ ಉದ್ದನೆಯ ತಗಡಿನ ಸೂರು, ಅದರಡಿಯಲ್ಲಿ ಸಾಲಾಗಿ ಒಂದೊಂದು ಕೋಣೆಯ ಮನೆಗಳು. ಗಿರಣಿಯ ಭೋಂಗಾ ಕೂಗಿದರೆ ಗೋಡೆಗೆ ಒರಗಿಸಿಟ್ಟ ತಾಟು ನಡುಗುತ್ತಿತ್ತು. ಗಾಳಿಯಲ್ಲಿ ಯಾವಾಗಲೂ ಅರಳೆಯ ಧೂಳು. ಒಣಗಲು ಹಾಕಿದ ಸಂಡಿಗೆಯ ಮೇಲೆ, ಮಕ್ಕಳ ರೆಪ್ಪೆಯ ಮೇಲೆ, ಕುಡಿಯುವ ನೀರಿನ ಮೇಲೆ ತೆಳ್ಳಗೆ ಕೂತಿರುತ್ತಿತ್ತು. ನಮ್ಮಪ್ಪ ಆ ಧೂಳನ್ನೇ ಕುಡಿದು ಕುಡಿದು, ಕೆಮ್ಮಿ ಕೆಮ್ಮಿ ತೀರಿಕೊಂಡ. ಅವ್ವ ಅದೇ ಗಿರಣಿಯಲ್ಲಿ ಹೊಲಸು ಅರಳೆ ಆರಿಸುವ ಕೆಲಸಕ್ಕೆ ನಿಂತಳು. ನನ್ನನ್ನೂ ಜೊತೆಗೆ ಒಯ್ದು ಅರಳೆಯ ರಾಶಿಯ ಮಗ್ಗುಲಲ್ಲಿ ಕೂರಿಸುತ್ತಿದ್ದಳು. ಬಸಣ್ಣನಿಗೆ ಆಗ ಹದಿನಾಲ್ಕು. ಗಿರಣಿ ಒಳಗೆ ಅವನನ್ನು ಕಳಿಸುವುದಿಲ್ಲ ಎಂದು ಅವ್ವ ಹಟ ಹಿಡಿದಳು. "ಧೂಳಿನಾಗ ಒಬ್ಬಂವ ಹ್ವಾದಾ, ಸಾಕು. ನೀ ಗಾಳಿಯಾಗ ದುಡಿಯೋ ಕೆಲಸ ನೋಡ್ಕೋ" ಎಂದಳು. ಹಾಗೆ ಅವನು ತಾರ್ ಆಫೀಸಿನ ಹುಡುಗನಾದ.

ಈಗಿನ ಮಕ್ಕಳಿಗೆ ತಾರು ಎಂದರೆ ಗೊತ್ತಿಲ್ಲ. ಊರಿಂದೂರಿಗೆ ತಂತಿಯ ಮೇಲೆ ಕಟಕಟ ಎಂದು ಬರುತ್ತಿದ್ದ ಸುದ್ದಿ ಅದು. ಆಫೀಸಿನಲ್ಲಿ ಕೂತ ಮಾಸ್ತರರು ಅದನ್ನು ಕಾಗದಕ್ಕೆ ಇಳಿಸಿ ಲಕೋಟೆಗೆ ಹಾಕುತ್ತಿದ್ದರು, ಹುಡುಗರು ಸೈಕಲ್ ಮೇಲೆ ಒಯ್ದು ಮುಟ್ಟಿಸುತ್ತಿದ್ದರು. ಬಸಣ್ಣನಿಗೆ ಕೊಟ್ಟ ಖಾಕಿ ಅಂಗಿ ಮೊಣಕಾಲು ಮುಟ್ಟುತ್ತಿತ್ತು. ಅವ್ವ ತೋಳು ಮಡಚಿ ಹೊಲಿದುಕೊಟ್ಟಳು. ಸೊಂಟಕ್ಕೆ ಚರ್ಮದ ಚೀಲ. ಸೈಕಲ್ಲು ಅವನಿಗಿಂತ ಎತ್ತರ, ಸೀಟಿನ ಮೇಲೆ ಕೂತರೆ ಕಾಲು ಎಟುಕದು, ಪಾಪ, ನಿಂತೇ ತುಳಿಯುತ್ತಿದ್ದ. ಬಿಸಿಲಿನಲ್ಲಿ ಡಾಂಬರು ಕರಗಿ ಗಾಲಿಗೆ ಮೆತ್ತಿಕೊಳ್ಳುತ್ತಿತ್ತು, ನಾಯಿಗಳು ಹಿಂಬಾಲಿಸುತ್ತಿದ್ದವು, ಅರಳೆ ವ್ಯಾಪಾರಿಗಳು ದರದ ತಾರು ತಡವಾಯಿತೆಂದು ಕಿವಿ ಹಿಂಡುತ್ತಿದ್ದರು. ಆಫೀಸಿನ ಕಟ್ಟೆಯ ಮೇಲೆ ಅವನಂಥ ಹುಡುಗರೆಲ್ಲ ಸಾಲಾಗಿ ಕೂತು, ಹೆಸರು ಕೂಗಿದ ಕೂಡಲೇ ಎದ್ದು ಓಡಬೇಕು. ಸಂಜೆ ಮನೆಗೆ ಬಂದರೆ ಅವನ ಪಾದ ಊದಿಕೊಂಡು ಚಪ್ಪಲಿ ಬಿಡಿಸಲು ಬರುತ್ತಿರಲಿಲ್ಲ. ಅವ್ವ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಅವನ ಪಾದ ಇಟ್ಟುಕೊಂಡು ಕೂರುತ್ತಿದ್ದಳು.

ಆ ಹುಡುಗರೊಳಗೆ ಒಂದು ಪದ್ಧತಿಯಿತ್ತು. ಸಾವಿನ ತಾರಾದರೆ ಓಣಿಯ ತುದಿಯಲ್ಲೇ ಸೈಕಲ್ ಇಳಿದು, ಗಂಟೆ ಬಾರಿಸದೆ, ತಳ್ಳಿಕೊಂಡು ನಡೆದು ಹೋಗಬೇಕು. ಮದುವೆಯೋ ಹೆರಿಗೆಯೋ ಊರಿಗೆ ಬರುವ ಸುದ್ದಿಯೋ ಆದರೆ ಓಣಿಯುದ್ದಕ್ಕೂ ಗಂಟೆ ಬಾರಿಸುತ್ತ ಹೋಗಬೇಕು. ತಾರು ಇರುತ್ತಿದ್ದದ್ದು ಇಂಗ್ಲಿಷಿನಲ್ಲಿ. ಓದುವವರು ಸಿಗುವವರೆಗೆ ಆ ಮನೆಯವರು ಉಸಿರು ಹಿಡಿದು ನಿಲ್ಲಬಾರದೆಂದು ಯಾವ ಪುಣ್ಯಾತ್ಮ ಹಚ್ಚಿದ ಪದ್ಧತಿಯೋ ಕಾಣೆ. ಒಳಗಿನದನ್ನು ಹುಡುಗರಿಗೆ ಹೇಳಬಾರದೆಂದು ಕಾಯಿದೆ. ಆದರೆ ತಾರಿನ ಮಾಸ್ತರರು ಲಕೋಟೆ ಕೊಡುವಾಗ "ಬಾರಿಸ್ಕೋತ ಹೋಗೋ" ಅಥವಾ "ನಡಕೋತ ಹೋಗಪಾ" ಎನ್ನುತ್ತಿದ್ದರು, ಅಷ್ಟೇ. ಬಾರಿಸಿಕೊಂಡು ಹೋದ ಮನೆಯಲ್ಲಿ ಹುಡುಗನನ್ನು ಒಳಗೆ ಕರೆದು ತಂಬಿಗೆ ತುಂಬ ತಣ್ಣೀರು, ಅಂಗೈಗೆ ಬೆಲ್ಲ ಪುಠಾಣಿ. ನಡೆದುಕೊಂಡು ಹೋದ ಮನೆಯಲ್ಲಿ ಒಂದು ಗುಟುಕು ನೀರೂ ಇಲ್ಲ. ಸಾವಿನ ತಾರು ತಂದವನಿಗೆ ನೀರು ಕೊಟ್ಟರೆ ಸಾವಿಗೆ ಮನೆಯ ದಾರಿ ತೋರಿಸಿದ ಹಾಗೆ ಎಂದು ಜನ ನಂಬಿದ್ದರು. ಅವನು ನಿಂತ ಜಾಗವನ್ನು ಅವನ ಬೆನ್ನ ಹಿಂದೆಯೇ ಸೆಗಣಿ ಹಾಕಿ ಸಾರಿಸುತ್ತಿದ್ದರು. ಬಸಣ್ಣ ಮನೆಗೆ ಬಂದಾಗ ನಾನು ಅವನ ಜೇಬಿಗೆ ಕೈ ಹಾಕುತ್ತಿದ್ದೆ. ಬೆವರಿಗೆ ಕರಗಿ ಅಂಟಿದ ಬೆಲ್ಲ ಸಿಕ್ಕರೆ ಅವತ್ತು ಯಾರದೋ ಮನೆಯಲ್ಲಿ ಮಗು ಹುಟ್ಟಿದೆ ಎಂದು ಅರ್ಥ. ಒಂದು ಚೂರನ್ನೂ ತಾನು ತಿನ್ನದೆ ನನಗೆಂದು ತರುತ್ತಿದ್ದ. ಜೇಬು ಬರಿದಿದ್ದ ದಿನ ಅವ್ವ ಅವನನ್ನು ಹೊಸ್ತಿಲಾಚೆ ನಿಲ್ಲಿಸಿ ಕಾಲಿಗೆ ನೀರು ಸುರಿದು, ಆಮೇಲೆ ಎರಡು ತಂಬಿಗೆ ಕುಡಿಸುತ್ತಿದ್ದಳು. ಅವನು ಕುಡಿಯುವಾಗ ಗಂಟಲಿನ ಗುಟುಗುಟು ಸದ್ದು ಒಳಗೆ ಕೂತ ನನಗೆ ಕೇಳುತ್ತಿತ್ತು.

ನಮ್ಮ ಎದುರು ಮನೆಯಲ್ಲಿ ಗಂಗಕ್ಕ ಎಂಬಾಕೆ ಇದ್ದಳು. ಗಂಡ ತಿಪ್ಪಣ್ಣ ಮುಂಬಯಿಯ ಗಿರಣಿಗೆ ದುಡಿಯಲು ಹೋಗಿ ಬಹಳ ದಿನವಾಗಿತ್ತು, ಸುದ್ದಿ ಇರಲಿಲ್ಲ. ಬಸಣ್ಣನೆಂದರೆ ಆಕೆಗೆ ಪ್ರೀತಿ. ಅವನನ್ನು ಕಂಡಾಗಲೆಲ್ಲ, "ಏ ಬಸ್ಯಾ, ನಮ್ಮನಿಗೆ ಮಾತ್ರ ನಡಕೋತ ಬರಬ್ಯಾಡ ನೋಡು, ಕಾಲು ಮುರದೇನು" ಎಂದು ಚೇಷ್ಟೆ ಮಾಡುತ್ತಿದ್ದಳು. ಬಾಯಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ಒಂದು ದಿನ ಮಾಸ್ತರರು ಕಾಯಿದೆ ಮರೆತು ಬಸಣ್ಣನನ್ನು ಕರೆದು, "ನಿಮ್ಮ ಓಣಿಗೇ ಬಂದೈತಿ, ಜೋರಾಗಿ ಬಾರಿಸ್ಕೋತ ಹೋಗು, ಗಂಗಕ್ಕನ ಗಂಡ ಬರಾಕತ್ತಾನ" ಎಂದರಂತೆ. ಹುಡುಗ ಕುಣಿಯುತ್ತ ಸೈಕಲ್ ಹತ್ತಿದ. ರೈಲು ಗೇಟಿನ ಹತ್ತಿರ ಹಳಿಯಲ್ಲಿ ಗಾಲಿ ಸಿಕ್ಕಿ ಬಿದ್ದ. ಮೊಣಕಾಲು ಒಡೆಯಿತು, ಹ್ಯಾಂಡಲ್ಲು ಸೊಟ್ಟಾಯಿತು, ಗಂಟೆ ಕಿತ್ತು ಹೋಗಿ ಬರುತ್ತಿದ್ದ ಗಾಡಿಯ ಕೆಳಗೆ ಪುಡಿಯಾಯಿತು. ಅವನಿಗೆ ಆ ಸಂಭ್ರಮದಲ್ಲಿ ಏನೂ ಹೊಳೆಯಲಿಲ್ಲ. ಸೈಕಲ್ ತಳ್ಳಿಕೊಂಡು, ಕುಂಟುತ್ತ, ನಡೆದುಕೊಂಡೇ ಓಣಿಗೆ ಬಂದ.

ಅವತ್ತು ಗಿರಣಿಗೆ ರಜೆ, ನಾನು ಬಾಗಿಲಲ್ಲೇ ಕೂತಿದ್ದೆ. ಗಂಗಕ್ಕ ಹೊರಗೆ ಒರಳಿನ ಮುಂದೆ ಚಟ್ನಿ ಅರೆಯುತ್ತಿದ್ದಳು. ತಲೆ ಎತ್ತಿದಳು. ಅವನು ನಡೆದು ಬರುತ್ತಿದ್ದುದನ್ನು ನೋಡಿದಳು. ಅವನ ಕಾಲಿನ ಮೇಲೆ ರಕ್ತ, ಮುಖದ ಮೇಲೆ ಕಣ್ಣೀರು. ಬಿದ್ದ ನೋವಿಗೆ ಬಂದ ಕಣ್ಣೀರದು, ಆಕೆಗೆ ಹೇಗೆ ಗೊತ್ತಾಗಬೇಕು? ಎರಡೂ ಕೈಯನ್ನು ಒರಳಿನ ಅಂಚಿಗೆ ಅಪ್ಪಳಿಸಿದಳು. ಹಸಿರು ಬಳೆಗಳೆಲ್ಲ ಚಟ್ನಿಯೊಳಗೆ ಬಿದ್ದವು. ಅದೇ ಕೈಯಿಂದ ಹಣೆಯ ಕುಂಕುಮ ಒರೆಸಿಕೊಂಡಳು, ಖಾರವೂ ರಕ್ತವೂ ಹಣೆಗೆ ಹತ್ತಿದವು. ಓಣಿಯ ಹೆಂಗಸರೆಲ್ಲ ಓಡಿ ಬಂದು ಆಕೆಯನ್ನು ತಬ್ಬಿ ಗೋಳಿಡತೊಡಗಿದರು. ಅವರ ನಡುವೆ ಬಸಣ್ಣ ಲಕೋಟೆ ಎತ್ತಿ ಹಿಡಿದು, "ಚಲೋ ಸುದ್ದಿ ಬೇ ಅಕ್ಕಾ! ಚಲೋ ಸುದ್ದಿ ಐತಿ! ಮಾಮಾ ಬರಾಕತ್ತಾನ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಯಾರಿಗೂ ಕೇಳಲಿಲ್ಲ.

ತಿಪ್ಪಣ್ಣ ಬಂದ. ಗಟ್ಟಿಮುಟ್ಟಾಗಿಯೇ ಬಂದ. "ಅಲ್ಲಲೇ, ನಾ ಸತ್ತಿದ್ದು ನನಗs ಗೊತ್ತಿಲ್ಲಲ್ಲೋ" ಎಂದು ಬಸಣ್ಣನ ಬೆನ್ನು ಗುದ್ದಿ ನಕ್ಕ. ಬಳೆಗಾರನನ್ನು ಕರೆಸಿ ಗಂಗಕ್ಕನಿಗೆ ಹೊಸ ಬಳೆ ಇಡಿಸಿದರು. ಆದರೆ ಓಣಿ ನಗಲಿಲ್ಲ. ಗಂಡ ಬದುಕಿರುವಾಗಲೇ ಬಳೆ ಒಡೆಸಿದ ಹುಡುಗ ಎಂಬ ಹೆಸರು ಬಸಣ್ಣನಿಗೆ ಅಂಟಿಕೊಂಡಿತು. ಯಾರದೋ ಆಕಳು ಸತ್ತರೂ ಅವನು ಆ ಕಡೆ ಹಾಯ್ದದ್ದಕ್ಕೆ, ಯಾರದೋ ಮಗುವಿಗೆ ಜ್ವರ ಬಂದರೂ ಅವನ ಕಣ್ಣಿಗೆ. ಗಂಗಕ್ಕ ಅವನ ಜೊತೆ ಮಾತು ಬಿಟ್ಟಳು. ಅವನು ಬರುವುದು ಕಂಡರೆ ಒಳಗೆ ಹೋಗಿ ಕದ ಮುಚ್ಚುತ್ತಿದ್ದಳು. ಆಫೀಸಿನವರು ಸೈಕಲ್ಲಿಗೆ ಬೇರೆ ಗಂಟೆ ಹಾಕಿಕೊಟ್ಟರು. ಬಸಣ್ಣ ಸಂತೆಯಲ್ಲಿ ಇನ್ನೊಂದು ಗಂಟೆ ಕೊಂಡು ತಂದು ಯಾವಾಗಲೂ ಜೇಬಿನಲ್ಲಿ ಇಟ್ಟುಕೊಳ್ಳತೊಡಗಿದ. "ಒಂದು ಇಲ್ಲೇನೋ ಸೈಕಲ್ಲಿಗೆ? ಇದ್ಯಾಕ?" ಎಂದು ಅವ್ವ ಕೇಳಿದಳು. "ಇರ್ಲಿ ಬೇ, ಅದು ಬಿದ್ದು ಹೋದ್ರ ಇದು ಇರ್ತೈತಿ" ಎಂದ. ನನಗೆ ಬೆಲ್ಲ ತರುತ್ತಿದ್ದ ಜೇಬು ಅದು. ಬೆಲ್ಲದ ದಿನಗಳು ಕಡಿಮೆಯಾದವು. ಅವನು ಎಷ್ಟು ಗಟ್ಟಿಯಾಗಿ ಗಂಟೆ ಬಾರಿಸಿಕೊಂಡು ಬಂದರೂ ನಮ್ಮ ಕಡೆಯ ಜನ ನಂಬದೆ, ಲಕೋಟೆಯನ್ನು ಹೊಸ್ತಿಲಾಚೆಯಿಂದಲೇ ಇಸಿದುಕೊಂಡು, ನೀರು ಕೊಡದೆ ಕಳಿಸುತ್ತಿದ್ದರು.

ಮುಂದಿನ ಬೇಸಗೆಯಲ್ಲಿ ಊರಿಗೆ ಕಾಲರಾ ಬಂತು. ಸುತ್ತಲಿನ ಹಳ್ಳಿಗಳಲ್ಲೂ ಅದೇ. ತಾರಿನ ಕಟಕಟ ನಿಲ್ಲಲೇ ಇಲ್ಲ. ಮಾಸ್ತರರ ಬಾಯಿಂದ ದಿನವಿಡೀ ಒಂದೇ ಮಾತು, "ನಡಕೋತ ಹೋಗಪಾ." ಬಿಸಿಲಿನಲ್ಲಿ ಬಸಣ್ಣ ಓಣಿಯಿಂದ ಓಣಿಗೆ ಸೈಕಲ್ ತಳ್ಳಿಕೊಂಡು ನಡೆದ. ಹೋದ ಮನೆಯಲ್ಲೆಲ್ಲ ಅಳು, ಯಾವ ಮನೆಯಲ್ಲೂ ನೀರಿಲ್ಲ. ಒಂದು ಮಧ್ಯಾಹ್ನ ಬಾಯಾರಿಕೆ ತಡೆಯಲಾರದೆ ನಮ್ಮ ಮನೆಗೇ ಬಂದನಂತೆ. ಅವ್ವನೂ ನಾನೂ ಗಿರಣಿಯಲ್ಲಿದ್ದೆವು, ಬಾಗಿಲಿಗೆ ಕೀಲಿ. ಎದುರಿನ ಕದ ತಟ್ಟಿದ. ಸಂಜೆ ಚಾಪೆಯ ಮೇಲೆ ಮಲಗಿ ಅವನೇ ಹೇಳಿದ್ದು ಇದು. ಆಗಲೇ ಅವನಿಗೆ ವಾಂತಿ ಭೇದಿ ಹತ್ತಿತ್ತು, ಕೆನ್ನೆ ಒಳಗೆ ಹೋಗಿತ್ತು, ದನಿ ಕೀರಲಾಗಿತ್ತು. "ಎಲ್ಲಿ ನೀರು ಕುಡದೀ ಯಪ್ಪಾ, ಖರೇ ಹೇಳು" ಎಂದು ಅವ್ವ ಅವನ ಮುಖ ಹಿಡಿದು ಕೇಳಿದಳು. "ಗಂಗಕ್ಕನ ಕೇಳಿದ್ನಿ ಬೇ. ಕದಾ ತಗೀಲಿಲ್ಲ. ಗಿರಣಿ ಹಿಂದಿನ ಗಟಾರದ ಕಡೆ ಒಂದು ನಳ ಐತೆಲ್ಲಾ, ಅಲ್ಲಿ ಕುಡದೆ. ಭಾಳ ತಣ್ಣಗಿತ್ತು" ಎಂದ. ತಣ್ಣಗಿತ್ತು ಎನ್ನುವಾಗ ಅವನ ಮುಖದಲ್ಲಿ ಸುಖವಿತ್ತು. ಅದನ್ನು ನಾನು ಮರೆತಿಲ್ಲ.

ಬೆಳಗಿನ ಭೋಂಗಾ ಕೂಗುವ ಹೊತ್ತಿಗೆ ಅವನ ಕಣ್ಣು ಮೇಲಾಗಿದ್ದವು. ಸುದ್ದಿ ತಿಳಿದು ಗಂಗಕ್ಕ ಬಂದಳು. ಕೈಯಲ್ಲಿ ತಾಮ್ರದ ತಂಬಿಗೆ, ಆಕೆಯ ಮನೆಯ ಮಡಿಯ ನೀರು. ಅವ್ವ ಪಕ್ಕಕ್ಕೆ ಸರಿದಳು. ಗಂಗಕ್ಕ ನೆಲಕ್ಕೆ ಕೂತು ಅವನ ತಲೆಯನ್ನು ತೊಡೆಗೆ ಎತ್ತಿಕೊಂಡು, "ಬಸಣ್ಣಾ, ಕುಡಿಯಪಾ. ನಾ ಗಂಗಕ್ಕ ಬಂದೀನಿ. ಕುಡಿ ನನ್ನ ಯಪ್ಪಾ" ಎಂದಳು. ನೀರು ಅವನ ಕಟವಾಯಿಯಿಂದ ಇಳಿದು ಆಕೆಯ ಹೊಸ ಬಳೆಗಳ ಮೇಲೆ ಹರಿಯಿತು. ಒಂದು ಹನಿಯೂ ಒಳಗೆ ಹೋಗಲಿಲ್ಲ.

ರೋಗಕ್ಕೆ ಹೆದರಿ ಓಣಿಯ ಗಂಡಸರು ಹೆಗಲು ಕೊಡಲು ಬರಲಿಲ್ಲ, ತಿಪ್ಪಣ್ಣ ಒಬ್ಬನೇ ಬಂದ. ಆಮೇಲೆ ತಾರ್ ಆಫೀಸಿನ ಹುಡುಗರು ಬಂದರು. ಎಲ್ಲರದೂ ಮೊಣಕಾಲು ಮುಟ್ಟುವ ಖಾಕಿ ಅಂಗಿ. ನಾಲ್ವರು ಹೆಗಲು ಕೊಟ್ಟರು. ಉಳಿದವರು ಸೈಕಲ್ ತಳ್ಳಿಕೊಂಡು, ಒಬ್ಬನೂ ಗಂಟೆ ಮುಟ್ಟದೆ, ಹಿಂದೆ ನಡೆದರು. ನಮ್ಮ ಓಣಿಯಲ್ಲಿ ಅಷ್ಟು ಸೈಕಲ್ಲು ಒಟ್ಟಿಗೆ ಬಂದದ್ದು ಅದೇ ಮೊದಲು. ಅದರ ಮರುವರ್ಷದಿಂದ ಗಂಗಕ್ಕ ತನ್ನ ಬಾಗಿಲ ಪಕ್ಕದಲ್ಲಿ ಒಂದು ಮಣ್ಣಿನ ಹರವಿಗೆ ನೀರು ತುಂಬಿಟ್ಟು, ಮೇಲೆ ತಂಬಿಗೆ ಮುಚ್ಚಿಡುತ್ತಿದ್ದಳು. ಯಾವ ತಾರು ತಂದ ಹುಡುಗನಾದರೂ ಸರಿ, ನಡೆದು ಬಂದವನಾದರೂ ಸರಿ, ಕುಡಿದೇ ಹೋಗಬೇಕು. ಆಕೆ ಸಾಯುವವರೆಗೂ ಆ ಹರವಿ ಬರಿದಾಗಲಿಲ್ಲ ಎಂದು ಕೇಳಿದ್ದೇನೆ. ಅಣ್ಣನ ಜೇಬಿನ ಗಂಟೆಯನ್ನು ಅವ್ವ ಬಹಳ ವರ್ಷ ದೇವರ ಗೂಡಿನಲ್ಲಿ ಇಟ್ಟಿದ್ದಳು. ನನ್ನ ಮದುವೆಯಾದಾಗ ನನ್ನ ಟ್ರಂಕಿಗೆ ಬಂತು. ನಮ್ಮ ಮನೆಯವರು ತೀರಿಹೋದ ಮೇಲೆ ಮಗ ನನ್ನನ್ನು ಇಲ್ಲಿಗೆ ಕರೆಸಿಕೊಂಡ, ಆಗ ಅದೂ ನನ್ನ ಜೊತೆ ಸಮುದ್ರ ದಾಟಿತು. ಅದನ್ನು ಯಾವ ಸೈಕಲ್ಲಿಗೂ ಹಾಕಿರಲಿಲ್ಲ. ಅದು ಒಂದು ಓಣಿಯಲ್ಲಾದರೂ ಬಾರಿಸಿದ್ದನ್ನು ನಾನು ಕೇಳಿರಲಿಲ್ಲ.

ಈಗ ಹೇಳಿ, ತಲೆ ತಗ್ಗಿಸಿ ನಡೆದು ಬರುವ ಮಗನನ್ನು ಕಂಡರೆ ನನ್ನ ಜೀವ ಎಲ್ಲಿರಬೇಕು? ಬಾಗಿಲ ಕಡೆ ಹೋಗದೆ ಗಂಟೆ ಹಿಡಿದು ಕಿಟಕಿಯಲ್ಲೇ ನಿಂತೆ. ಒಂಬತ್ತು ವರ್ಷದ ಮೊಮ್ಮಗ ನಿಖಿಲ ಓಡಿ ಹೋಗಿ ತೆಗೆದ. "ಅವ್ವಾ, ಹೆಣ್ಣು! ಇಬ್ಬರೂ ಆರಾಮ ಅದಾರ" ಎಂದ ಪ್ರಕಾಶ. ನಾನು ಅಲ್ಲೇ ನೆಲಕ್ಕೆ ಕೂತುಬಿಟ್ಟೆ. "ಫೋನ್ ಮಾಡಬಾರದೇನೋ! ಹಂಗ್ಯಾಕ ನಡಕೋತ ಬಂದಿ?" ಎಂದು ಬೈದೆ. "ಚಾರ್ಜ್ ಮುಗಿದಿತ್ತವಾ. ನಿದ್ದಿ ಇಲ್ಲ, ಕಾಲು ಬೀಳಾಕತ್ತಾವು. ನಡಕೋತ ಬರದs ಹಾರಿ ಬರ್ಲೇನು, ನಾನೇನು ಏರೋಪ್ಲೇನಾ?" ಎಂದು ನಕ್ಕ. ಎದ್ದು ಮೊದಲು ಅವನಿಗೆ ತಂಬಿಗೆ ನೀರು ಕೊಟ್ಟೆ, ಅಂಗೈಗೆ ಸಕ್ಕರೆ ಹಾಕಿದೆ. "ಒಂದು ಕಪ್ ಚಾ ಮಾಡಿದ್ರ ಸಾಕಿತ್ತು" ಎಂದು ಗೊಣಗಿದ. ಪಾರ್ಕ್ ರಾಯಲ್ಲಿನ ಗೋದಾಮಿನಲ್ಲಿ ದಿನವಿಡೀ ಪೆಟ್ಟಿಗೆ ಎತ್ತುವವನಿಗೆ ಚಹದ ಮೇಲೆಯೇ ಜೀವ. ಆದರೂ ನೀರು ಪೂರ್ತಿ ಕುಡಿದ.

ಅವನು ಕೂಸಿನ ಬಟ್ಟೆ ತೆಗೆದುಕೊಂಡು ತಿರುಗಿ ಹೋದ ಮೇಲೆ ನಾನು ನಿಖಿಲನನ್ನು ಕರೆದೆ. ಹುಣಸೆಹಣ್ಣು ಹಚ್ಚಿ ಗಂಟೆ ತಿಕ್ಕಿದೆ. ಅವನೇ ಸ್ಪ್ಯಾನರ್ ತಂದು ತನ್ನ ಸೈಕಲ್ಲಿಗೆ ಬಿಗಿದ. "ಹೋಗು, ಬೀದಿಯ ಈ ತುದಿಯಿಂದ ಆ ತುದಿಯತನಕ ಬಾರಿಸ್ಕೋತ ಹೋಗು" ಎಂದೆ. "ಬಟ್ ವೈ ಅಜ್ಜಿ? ಎವ್ರಿಬಡಿ ವಿಲ್ ಸ್ಟೇರ್" ಎಂದ. "ನೋಡ್ಲಿ. ನೋಡ್ಲಿ ಅಂತನs ಹೇಳಾಕತ್ತೀನಿ" ಎಂದೆ. ಹೋದ. ಗಟ್ಟಿ ಹಿತ್ತಾಳೆಯ ದನಿ ಅದು, ಈಗಿನ ಗಂಟೆಗಳ ಹಾಗೆ ಪಿಸುಗುಡುವುದಿಲ್ಲ. ಪಕ್ಕದ ಮನೆಯ ಇಂಗ್ಲಿಷ್ ಮುದುಕ ಬೇಲಿ ಕತ್ತರಿಸುವುದನ್ನು ನಿಲ್ಲಿಸಿ ಏನೆಂದು ಕೇಳಿದ. "ಐ'ವ್ ಗಾಟ್ ಅ ಸಿಸ್ಟರ್!" ಎಂದು ಹುಡುಗ ಕೂಗಿದ್ದು ನನಗೆ ಒಳಗೆ ಕೇಳಿತು. ಆ ಮುದುಕನಿಗೆ ಯಾರು ಹೇಳಿಕೊಟ್ಟಿದ್ದರೋ, ಒಳಗೆ ಹೋಗಿ ಒಂದು ಚಾಕಲೇಟು ತಂದು ನಿಖಿಲನ ಅಂಗೈಗೆ ಇಟ್ಟ. ಹುಡುಗ ಮತ್ತೆ ಸೈಕಲ್ ಹತ್ತಿದ. ಮಧ್ಯಾಹ್ನವಿಡೀ ನಿಲ್ಲಿಸಲಿಲ್ಲ. ನಾನು ಒಲೆಯ ಮುಂದೆ ನಿಂತು ಗೋಧಿ ಹುಗ್ಗಿ ತಿರುವುತ್ತ ಕೇಳಿದೆ, ಅತ್ತೆ, ಕೇಳಿದೆ.

ಈ ದೇಶದಲ್ಲಿ ಬಾಣಂತಿಯನ್ನು ಅವತ್ತೇ ಮನೆಗೆ ಕಳಿಸಿಬಿಡುತ್ತಾರೆ! ಸಂಜೆಗೆ ಸುಮಾ ಕೂಸನ್ನು ಎದೆಗವಚಿಕೊಂಡು ಒಳಗೆ ಬಂದಳು. ನಿವಾಳಿಸಿ ಒಳಗೆ ಕರೆದುಕೊಂಡೆ. ಎಲ್ಲರೂ ಒಟ್ಟಿಗೆ ಕೂತೆವು. ನಮಗೆ ರೊಟ್ಟಿ, ಎಣ್ಣೆಗಾಯಿ, ಹುಗ್ಗಿ; ಸುಮಾಳಿಗೆ ಮೆಣಸಿನ ಸಾರು, ತುಪ್ಪ, ಬಿಸಿ ಅನ್ನ. ಕೂಸು ಪ್ರಕಾಶನ ತೋಳಿನಲ್ಲಿ ನಿದ್ದೆ ಮಾಡಿತ್ತು, ಅವನು ಒಂದೇ ಕೈಯಲ್ಲಿ ಉಣ್ಣುತ್ತಿದ್ದ. ನಿಖಿಲ ಕೆಂಪು ಮುಖ ಮಾಡಿಕೊಂಡು ಬಂದು ಕೂತು, ಜೇಬಿನಿಂದ ಚಾಕಲೇಟು ತೆಗೆದು ಮೇಜಿನ ಮೇಲಿಟ್ಟ. ಕರಗಿ ಕಾಗದಕ್ಕೆ ಅಂಟಿಕೊಂಡಿತ್ತು. "ಇಟ್ಸ್ ಫಾರ್ ಹರ್" ಎಂದ. "ಆಕೀಗೆ ಇನ್ನೂ ಹಲ್ಲಿಲ್ಲೋ ಮಾರಾಯಾ" ಎಂದು ಸುಮಾ ನಕ್ಕಳು, ದಣಿದ ಮುಖದಲ್ಲಿ ಪೂರ್ತಿ ನಗು. ನನಗೆ ನಗಲಾಗಲಿಲ್ಲ. ಎದ್ದು ತಂಬಿಗೆ ತಂದು, ಎಲ್ಲರಿಗಿಂತ ಮೊದಲು ಆ ಹುಡುಗನ ಲೋಟಕ್ಕೆ ನೀರು ಹಾಕಿದೆ. ಅವನು ತಲೆಯೆತ್ತಿ ಗುಟುಗುಟು ಎಂದು ಒಂದೇ ಉಸಿರಿಗೆ ಕುಡಿದು, ಬರಿದಾದ ಲೋಟವನ್ನು ಮತ್ತೆ ನನ್ನ ಮುಂದೆ ಚಾಚಿದ. ನಾನು ಮತ್ತೆ ತುಂಬಿದೆ.